ಸರೋಜ ಕುಣಿದ ಮಳೆ

ನಮ್ಮ ಮನೆಯಲ್ಲಿ ಇವತ್ತು ಬೆಳಿಗ್ಗೆ ಇಬ್ಬರಿಗೆ ಗೆಜ್ಜೆ ಕಟ್ಟಿದರು. ಒಬ್ಬಳು ನನ್ನ ಮೊಮ್ಮಗಳು ಚಂದ್ರಿ, ಎಂಟು ವರ್ಷದವಳು. ಇನ್ನೊಬ್ಬಳು ಅವಳ ತಾಯಿ, ನನ್ನ ಮಗಳು ಸರೋಜ. ಅವಳ ವಯಸ್ಸು ಹೇಳಿದರೆ ನೀವು ನನ್ನ ವಯಸ್ಸನ್ನು ಲೆಕ್ಕ ಹಾಕುತ್ತೀರಿ, ಅದು ಬೇಡ. ಗೆಜ್ಜೆ ಪೂಜೆ ಮಗುವಿಗೆ ಮಾತ್ರ ಅಂತಲೇ ನಾವೆಲ್ಲ ತಿಳಿದಿದ್ದೆವು. ನೋಡಿದರೆ ತಟ್ಟೆಯಲ್ಲಿ ಎರಡು ಜೊತೆ ಇದ್ದವು. ಡ್ಯಾನ್ಸ್ ಮೇಷ್ಟ್ರು ಮೊದಲು ಮಗುವಿಗೆ ಕಟ್ಟಿಸಿದರು. ಆಮೇಲೆ ಬಾಗಿಲ ಹತ್ತಿರ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ತಾಯಿಯ ಕಡೆ ತಿರುಗಿ, "ಏನ್ ಸರೋಜ, ಅಲ್ಲೇ ನಿಂತ್ಬಿಟ್ಟೆ, ಬಾ" ಅಂದರು, ನಿನ್ನೆ ಪಾಠ ತಪ್ಪಿಸಿಕೊಂಡ ಹುಡುಗಿಯನ್ನು ಕರೆಯುವ ಹಾಗೆ.

ಬೆಳಗಿನಿಂದ ಈ ಸುದ್ದಿಯನ್ನು ಕಂಡಕಂಡವರಿಗೆಲ್ಲ ಹೇಳುತ್ತಿದ್ದೇನೆ. ಹೂವಿನವಳಿಗೆ ಹೇಳಿದೆ. ಪೋಸ್ಟ್‌ಮ್ಯಾನಿಗೆ ಹೇಳಿದೆ. ಚಿಕ್ಕಜಾಲದ ದಾರಿ ಕೇಳಲು ಲಾರಿ ನಿಲ್ಲಿಸಿದವನಿಗೂ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಒಳ್ಳೇದಾಯ್ತು ಬಿಡಮ್ಮ" ಅಂದು, ದಾರಿ ತಿಳಿದುಕೊಳ್ಳದೆ ಬಂದ ದಿಕ್ಕಿಗೇ ಹೊರಟುಹೋದ. ಇನ್ನು ಉಳಿದವರು ನೀವು.

ಈಗ ಆ ಎರಡು ಜೊತೆ ಗೆಜ್ಜೆಯೂ ದೇವರ ಗೂಡಿನ ಮುಂದೆ ಮೊರದಲ್ಲಿವೆ. ಹೊಸ ಚರ್ಮದ ವಾಸನೆ, ಅದಕ್ಕೆ ಸವರಿದ ಹರಳೆಣ್ಣೆಯ ವಾಸನೆ ನಡುಮನೆಯ ತುಂಬ ಹರಡಿದೆ. ಅಡುಗೆಮನೆಯಿಂದ ಒಬ್ಬಟ್ಟಿನ ಹೂರಣದ ಘಮ ಬಂದು ಅದನ್ನು ಸೋಲಿಸಲು ನೋಡುತ್ತಿದೆ, ಆಗುತ್ತಿಲ್ಲ. ಹರಳೆಣ್ಣೆ ವಾಸನೆ ಬಂದರೆ ಸಾಕು, ನನಗೆ ಸರೋಜಳ ಮೊಣಕಾಲು ನೆನಪಾಗುತ್ತದೆ. ಯಾಕೆ ಅಂತ ಹೇಳಬೇಕಾದರೆ ಹದಿನೈದು ವರ್ಷಕ್ಕೂ ಹಿಂದಕ್ಕೆ ಹೋಗಬೇಕು. ಒಲೆಯ ಮುಂದೆ ಸೊಸೆ ಕೂತಿದ್ದಾಳೆ, ನನಗೇನೂ ಕೆಲಸವಿಲ್ಲ. ಬನ್ನಿ, ಹೋಗಿಬರೋಣ.

ಆಗ ಯಲಹಂಕ ಅಂದರೆ ಕೆರೆ, ರಾಗಿ ಹೊಲ, ಅಲ್ಲೊಂದು ಇಲ್ಲೊಂದು ದ್ರಾಕ್ಷಿ ತೋಟ, ಮತ್ತೆ ರೈಲ್ವೆ ಸ್ಟೇಷನ್ನು. ನಮ್ಮ ಮಾವ, ಅಂದರೆ ಯಜಮಾನರ ತಂದೆ, ಊರಿಗೆ ದೊಡ್ಡವರು. ಈಗಲೂ ಇದ್ದಾರೆ, ಜಗಲಿಯಲ್ಲಿ ಕೂತಿದ್ದಾರೆ. ವಯಸ್ಸೆಷ್ಟು ಅಂತ ಯಾರಾದರೂ ಕೇಳಿದರೆ, "ದೊಡ್ಡ ಪ್ಲೇಗು ಬಂದಾಗ ನಂಗೆ ಮೀಸೆ ಇತ್ತು" ಅನ್ನುತ್ತಾರೆ, ಮಿಕ್ಕಿದ್ದನ್ನು ಕೇಳಿದವರೇ ಕೂಡಿಕೊಳ್ಳಬೇಕು. ಮಾವನಿಗೆ ಎರಡು ವಿದ್ಯೆ ಗೊತ್ತಿತ್ತು. ಒಂದು, ನಡಿಗೆ ನೋಡಿ ಪ್ರಾಣಿಯ ಗುಣ ಹೇಳುವುದು. ಸಂತೆಯಲ್ಲಿ ಎತ್ತು ಕೊಳ್ಳುವಾಗ ಬೇರೆಯವರು ಹಲ್ಲು ನೋಡಿದರೆ ಇವರು ಹೆಜ್ಜೆ ನೋಡುತ್ತಿದ್ದರು. ನನ್ನನ್ನು ಹೆಣ್ಣು ನೋಡಲು ಬಂದಾಗಲೂ ಅಷ್ಟೆ. "ಒಂದ್ ಕಿತ ಬಾವಿ ತಾವ ಓಗಿ ಬಾರವ್ವ" ಅಂದರು. ಬಿಂದಿಗೆ ಹೊತ್ತು ಹೋಗಿ ಬಂದೆ. "ಕಾಲು ಚೆಂದಾಗಿ ಊರ್ತಾಳೆ, ಆಗ್ಬೋದು" ಅಂದರು. ನನ್ನ ಮದುವೆ ಗೊತ್ತಾದದ್ದು ಹಾಗೆ. ಮುಖವನ್ನು ಯಾರಾದರೂ ನೋಡಿದರೋ ಇಲ್ಲವೋ ನನಗೆ ಇವತ್ತಿಗೂ ಅನುಮಾನ.

ಎರಡನೆಯದು ಮಳೆಯ ವಿದ್ಯೆ. ಅಂಗಳದ ನಡುವೆ ನಿಂತು ಎಡಗೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿಯುವರು. ಒಂದು ಕಣ್ಣು ಮುಚ್ಚುವರು. ಮೂಡಣ ದಿಕ್ಕಿಗೆ ಮೂಗೆತ್ತಿ ಮೂಸುವರು. ಆಮೇಲೆ ಹೆಗಲ ಟವೆಲನ್ನು ತೆಗೆದು ಸೊಂಟಕ್ಕೆ ಬಿಗಿಯಾಗಿ ಸುತ್ತಿದರೋ, ಮಳೆ ಬಂತು ಅಂತಲೇ ಲೆಕ್ಕ. ನಮ್ಮೂರಿನವರು ಆಕಾಶ ನೋಡುವುದನ್ನೇ ಬಿಟ್ಟುಬಿಟ್ಟಿದ್ದರು. ನಮ್ಮ ಮಾವನ ಸೊಂಟ ನೋಡುತ್ತಿದ್ದರು. ಟವೆಲ್ ಸೊಂಟಕ್ಕೆ ಬಂದರೆ ಬಟ್ಟೆ ಒಣಹಾಕಿದವರು ಬಟ್ಟೆಗೆ, ರಾಗಿ ಹರಡಿದವರು ರಾಗಿಗೆ ಓಡುತ್ತಿದ್ದರು.

ಇಂಥ ಮನೆಯಲ್ಲಿ ಸರೋಜ ಹುಟ್ಟಿದಳು. ಸ್ಟೇಷನ್ ಮಾಸ್ತರರ ಮನೆಗೆ ಹಾಲು ಕೊಟ್ಟು ಬರುವುದು ಅವಳ ಕೆಲಸ. ಅಲ್ಲಿ ಮಾಸ್ತರರ ಹೆಣ್ಣುಮಕ್ಕಳಿಗೆ ಭರತನಾಟ್ಯ ಹೇಳಿಕೊಡಲು ಯಶವಂತಪುರದಿಂದ ಪ್ಯಾಸೆಂಜರ್ ರೈಲಿನಲ್ಲಿ ಒಬ್ಬರು ಮೇಷ್ಟ್ರು ಬರುತ್ತಿದ್ದರು. ಕಡ್ಡಿಯಂಥ ಆಸಾಮಿ, ಜುಬ್ಬದ ಒಳಗಡೆ ಇದ್ದಾರೋ ಇಲ್ಲವೋ ಅಂತ ಮುಟ್ಟಿ ನೋಡಬೇಕು. ಸರೋಜ ಕಿಟಕಿಯ ಹೊರಗೆ ನಿಂತು ಅವರ ಪಾಠವನ್ನೆಲ್ಲ ಕಲಿತಳು. ನಮಗೆ ಗೊತ್ತೇ ಇಲ್ಲ. ನಮಗೆ ಗೊತ್ತಿದ್ದದ್ದು ಇಷ್ಟು: ಹುಡುಗಿ ಮನೆಯಲ್ಲಿ ಮೊಣಕಾಲು ಅಗಲಿಸಿ, ಅರ್ಧ ಕೂತು ಅರ್ಧ ನಿಂತು ಓಡಾಡುತ್ತಾಳೆ. ನಾನು ಇದು ವಾಯು ಅಂತ ತೀರ್ಮಾನ ಮಾಡಿದೆ. ದಿನಾ ಸಂಜೆ ಹರಳೆಣ್ಣೆ ಬಿಸಿ ಮಾಡಿ ಮೊಣಕಾಲಿಗೆ ಚೆನ್ನಾಗಿ ತಿಕ್ಕಿದೆ. ಅವಳು ಒಂದು ಮಾತು ಹೇಳದೆ ಹಾಯಾಗಿ ತಿಕ್ಕಿಸಿಕೊಂಡಳು. ಈಗ ಯೋಚನೆ ಮಾಡಿದರೆ, ನಮ್ಮ ಮನೆಯಲ್ಲಿ ನಾಟ್ಯಕ್ಕೆ ಮೊದಲ ಸೇವೆ ಸಲ್ಲಿಸಿದವಳು ನಾನೇ.

ಗುಟ್ಟು ಹೊರಬಿದ್ದದ್ದು ಹಾಲಿನಿಂದ. ಮಾಸ್ತರರ ಹೆಂಡತಿ ಒಂದು ದಿನ ನಮ್ಮ ಮನೆಗೇ ಬಂದು, "ಏನಮ್ಮ, ನಿಮ್ಮ ಹಸು ಬೆಣ್ಣೇನೇ ಕರೆಯುತ್ತಾ? ಪಾತ್ರೆ ಮುಚ್ಚಳ ತೆಗೆದ್ರೆ ಮೇಲೆ ತೇಲ್ತಾ ಇರುತ್ತೆ" ಅಂದರು. ನಾನು ಹಸುವಿನ ಮುಖ ನೋಡಿದೆ. ಹಸು ನನ್ನ ಮುಖ ನೋಡಿತು. ಸರೋಜಳ ಮುಖ ಮಾತ್ರ ನೆಲ ನೋಡುತ್ತಿತ್ತು. ದಾರಿಯುದ್ದಕ್ಕೂ ಹಾಲಿನ ಪಾತ್ರೆ ಕಂಕುಳಲ್ಲಿಟ್ಟುಕೊಂಡು ತಕಧಿಮಿ ತಕಧಿಮಿ ಅಂತ ಕುಣಿಯುತ್ತಾ ಹೋದರೆ ಬೆಣ್ಣೆ ಬರದೆ ಇನ್ನೇನು ಬರುತ್ತದೆ?

ಮಾವನಿಗೆ ವಿಷಯ ತಿಳಿಯಿತು. ಅವರು ಕೂಗಾಡುವ ಜಾತಿಯವರಲ್ಲ. ಊಟದ ತಟ್ಟೆ ಸರಿಸಿ, "ನಮ್ಮನೆ ಎಣ್ಮಕ್ಳು ಕಳೆ ತೆಗ್ದವ್ರೆ, ಆಲು ಕರ್ದವ್ರೆ. ಕುಣ್ದೋರು ಯಾರವ್ರೆ?" ಅಂದರು. ಸರೋಜ ಅವತ್ತು ಊಟ ಬಿಟ್ಟಳು. ಮಾರನೆಯ ದಿನವೂ ಬಿಟ್ಟಳು. ಮೂರನೆಯ ದಿನ ನಮ್ಮ ಯಜಮಾನರು ಊಟ ಬಿಟ್ಟರು. ಅವರು ಊಟ ಬಿಡುವುದು ಅಂದರೆ ಸಾಮಾನ್ಯವಲ್ಲ, ಎರಡು ಮುದ್ದೆಯ ಮೇಲೆ ಮೂರನೆಯದು ಇಡಿಸಿಕೊಳ್ಳುವ ಮನುಷ್ಯ. ಮಾವ ಸ್ವಲ್ಪ ಅಲುಗಿದರು. "ಆ ಮೇಷ್ಟ್ರನ್ನ ಕರ್ಸಿ, ಮಾತಾಡಾನ" ಅಂದರು.

ಮೇಷ್ಟ್ರು ಬಂದರು. ಮಾವ ಅವರನ್ನು ಜಗಲಿಯಲ್ಲಿ ಕೂರಿಸಿ, ನಡುವೆ ಟವೆಲ್ ಹಾಸಿ, ಅದರ ಕೆಳಗೆ ಕೈ ತೂರಿಸಿ, "ಮಾತು ಬ್ಯಾಡ, ಕೈ ಕೊಡಿ" ಅಂದರು. ಎತ್ತಿನ ವ್ಯಾಪಾರದ ಪದ್ಧತಿ ಇದು. ಬಾಯಿ ಬಿಟ್ಟು ಹೇಳಿದರೆ ಸುತ್ತ ನಿಂತವರಿಗೆಲ್ಲ ತಿಳಿಯುತ್ತದೆ ಅಂತ ಬಟ್ಟೆಯ ಕೆಳಗೆ ಬೆರಳು ಹಿಡಿದು ಮಾತು ಮುಗಿಸುತ್ತಾರೆ. ವಾರಕ್ಕೆ ಒಂದು ದಿನ ಪಾಠ ಸಾಕು ಅನ್ನುವುದಕ್ಕೆ ಮಾವ ಮೇಷ್ಟ್ರ ಒಂದು ಬೆರಳು ಹಿಡಿದು ನೆಟ್ಟಗೆ ಮಾಡಿದರು. ಪಾಪ, ಮೇಷ್ಟ್ರಿಗೆ ಎತ್ತಿನ ವ್ಯಾಪಾರ ಏನು ಗೊತ್ತು? ನಾಟ್ಯದಲ್ಲಿ ಒಂದೊಂದು ಬೆರಳಿನ ಭಂಗಿಗೂ ಒಂದೊಂದು ಹೆಸರಿರುತ್ತದಂತೆ. ಇವರು ನನಗೆ ಪರೀಕ್ಷೆ ಕೊಡುತ್ತಿದ್ದಾರೆ ಅಂದುಕೊಂಡು, "ಸೂಚಿ" ಅಂದರು.

"ಏನಂದ್ರಿ?"

"ಸೂಚೀ ಹಸ್ತ ಗೌಡ್ರೇ."

ಮಾವ ಯಶವಂತಪುರದ ಕಡೆ ಒಂದಕ್ಕೆ ಹಾಗೆ ಅನ್ನುತ್ತಾರೇನೋ ಅಂದುಕೊಂಡು, ಹೋಗಲಿ ಪಾಪ ಅಂತ ಎರಡು ಬೆರಳು ಹಿಡಿದರು. "ಕರ್ತರೀಮುಖ" ಅಂದರು ಮೇಷ್ಟ್ರು. ಅವರಿಗೆ ಉತ್ಸಾಹ ಬಂದುಬಿಟ್ಟಿತು. ಇಷ್ಟು ತಿಳಿದ ಹಿರಿಯರು ಸಿಕ್ಕಿದರಲ್ಲ ಅಂತ ಟವೆಲ್ ಕೆಳಗೆ ತಾವೇ ಹೊಸದೊಂದು ಮಾಡಿ ತೋರಿಸಿದರು. ಮಾವ ತಡವಿ ನೋಡಿದರು. ಹೆಬ್ಬೆರಳು ಮೇಲಿದೆ, ಕಿರುಬೆರಳು ಮೇಲಿದೆ, ನಡುವಿನವು ಮೂರೂ ಮುಂದಕ್ಕೆ ಬಗ್ಗಿವೆ. ಎಷ್ಟು ಸಲ ತಡವಿದರೂ ಲೆಕ್ಕ ಹತ್ತಲಿಲ್ಲ.

"ಇದ್ಯಾವ ಲೆಕ್ಕ ಮೇಷ್ಟ್ರೇ?"

"ಇದು ಜಿಂಕೆ."

"ಜಿಂಕೆ ಎಲ್ಲಿಂದ ಬಂತು? ನಾವು ಮಾತಾಡ್ತಿರೋದು ನಮ್ ಉಡ್ಗಿ ಇಚಾರ."

ಬಾಗಿಲ ಹಿಂದೆ ನಿಂತಿದ್ದ ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಬಾಯಿಮಾತಿಗೇ ಇಳಿದರು. "ನೋಡಿ, ಊರ್ ಮುಂದೆ ಕುಣೀಲಿ. ಜನ ಕೊನೇಗಂಟ ಕೂತ್ರೆ ಕಲೀಲಿ, ನಂದೇನೂ ಅಡ್ಡಿ ಇಲ್ಲ. ನಡೂವೆ ಎದ್ದೋದ್ರೋ, ಅಲ್ಲಿಗ್ ಮುಗೀತು. ಊರ್ಗೆ ಬ್ಯಾಸರ ತರ್ಸೋ ಕೆಲ್ಸ ನಮ್ಮನೇಲಿ ಬ್ಯಾಡ." ಮೇಷ್ಟ್ರು ಒಪ್ಪಿಕೊಂಡು ರೈಲಿಗೆ ಹೊರಟರು. ಹೋಗುವಾಗ ನಮ್ಮ ಯಜಮಾನರ ಹತ್ತಿರ, "ನಿಮ್ಮ ತಂದೆಯವರು ಯಾರ ಹತ್ತಿರ ಕಲಿತಿದ್ದು?" ಅಂತ ಕೇಳಿದರಂತೆ.

ಗೆಜ್ಜೆ ಬೇಕಲ್ಲ. ನಮ್ಮ ಯಜಮಾನರು ಹುರುಪಿನಲ್ಲಿ ಹೋಗಿ ತಮಗೆ ಗೊತ್ತಿದ್ದ ಅಂಗಡಿಯಿಂದಲೇ ತಂದರು. ಎತ್ತಿನ ಕೊರಳ ಗೆಜ್ಜೆಯ ಅಂಗಡಿ ಅದು. ಸರೋಜ ಕಟ್ಟಿಕೊಂಡು ಹೆಜ್ಜೆ ಹಾಕಿದಳೋ ಇಲ್ಲವೋ, ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಾ ಮಲಗಿದ್ದ ನಮ್ಮ ಎತ್ತುಗಳು ದಡಕ್ಕನೆ ಎದ್ದು ನಿಂತವು, ಬಂಡಿ ಹೂಡುವ ಹೊತ್ತಾಯಿತು ಅಂತ. ಅವಳು ನಿಲ್ಲಿಸಿದರೆ ಅವು ಮಲಗಿದವು. ಮತ್ತೆ ಕುಣಿದರೆ ಮತ್ತೆ ಎದ್ದವು. ವಾರದಲ್ಲಿ ಎತ್ತುಗಳು ಸೊರಗಿದವು. "ಉಡ್ಗಿ ಕುಣಿಯೋದು, ನಮ್ ಎತ್ತಿಗೆ ಸುಸ್ತು, ಇದ್ಯಾವ್ ನ್ಯಾಯ?" ಅಂತ ಮಾವ ತಾವೇ ಹೋಗಿ ಆ ಗೆಜ್ಜೆಯನ್ನು ವಾಪಸು ಕೊಟ್ಟು ಬಂದರು. ಮೇಷ್ಟ್ರು ಸರಿಯಾದದ್ದನ್ನು ತಂದುಕೊಟ್ಟರು.

ಕುಣಿತಕ್ಕೆ ಜಾಗ ಗೊತ್ತಾಯಿತು, ನಮ್ಮ ರಾಗಿ ಕಣದ ಪಕ್ಕದ ಖಾಲಿ ಕಣ. ರಾಗಿ ಒಕ್ಕುವುದಕ್ಕೆ ನೆಲ ಕೆತ್ತಿ, ತಟ್ಟಿ, ಸಗಣಿ ಸಾರಿಸಿ ಕನ್ನಡಿ ಹಾಗೆ ಮಾಡಿರುತ್ತೇವಲ್ಲ, ಅಂಥ ನೆಲ ಟೌನ್‌ಹಾಲಿನಲ್ಲೂ ಇಲ್ಲ ಅಂದರು ಮೇಷ್ಟ್ರು. ಸುಗ್ಗಿಯ ಕಾಲ. ಸುತ್ತ ಎಲ್ಲರ ಕಣದಲ್ಲೂ ಒಕ್ಕಿದ ರಾಗಿ ರಾಶಿಯಾಗಿ ಬಿದ್ದಿತ್ತು. ಆ ಹೊತ್ತಿನಲ್ಲಿ ಒಂದು ಅಕಾಲದ ಮಳೆ ಬಂದರೆ ವರ್ಷದ ಮುದ್ದೆ ಮೊಳಕೆಯೊಡೆದು ಹೋಗುತ್ತದೆ. ಆದ್ದರಿಂದ ಊರಿನವರೆಲ್ಲ ಒಂದು ಕಣ್ಣು ರಾಶಿಯ ಮೇಲೆ ಇಟ್ಟೇ ಉಣ್ಣುವುದು, ಮಾತಾಡುವುದು.

ಹಿಂದಿನ ದಿನ ಸರೋಜ ಗೆಜ್ಜೆಯನ್ನು ಮಡಿಲಲ್ಲಿ ಇಟ್ಟುಕೊಂಡು ಒಂದೊಂದೇ ಗುಂಡು ಒರೆಸುತ್ತಿದ್ದಳು. "ಅವ್ವ, ಜನ ಎದ್ದೋದ್ರೆ?" ಅಂದಳು.

"ಯಾಕ್ ಏಳ್ತಾರೆ? ಕಡ್ಲೆಕಾಯಿ ಬೇಯ್ಸಿ ಹಂಚ್ತೀನಿ. ಬಾಯಿ ಆಡ್ತಿದ್ರೆ ಕಾಲು ಆಡಲ್ಲ."

ಅವಳು ನಗಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಸುಮ್ಮನೆ ಒರೆಸುತ್ತಲೇ ಇದ್ದಳು. ಹನ್ನೆರಡು ವರ್ಷದ ಹುಡುಗಿಗೆ ಇಷ್ಟೊಂದು ಬೇಕಾದದ್ದು ಏನಿದೆ ಇದರಲ್ಲಿ ಅಂತ ನನಗೆ ಆಗ ತಿಳಿಯಲಿಲ್ಲ. ಬೇಕು ಅನ್ನುವುದು ಮಾತ್ರ ತಿಳಿಯಿತು.

ಮಾರನೆಯ ದಿನ ಹೊತ್ತು ಇಳಿಯುವ ಮುಂಚೆ ಊರೆಲ್ಲ ಬಂದು ಕೂತಿತು. ಮಾಸ್ತರರ ಹೆಂಡತಿ ಕೊಟ್ಟ ನೀಲಿ ಹಾಸುಬಟ್ಟೆಯನ್ನು ಎರಡು ಗಳುವಿಗೆ ಕಟ್ಟಿ ಹಿಂದೆ ಪರದೆ ಮಾಡಿದ್ದರು. ಮಾಸ್ತರರ ಮನೆಯವರು ಕುರ್ಚಿಯಲ್ಲಿ, ಮಾವ ಎಲ್ಲರ ಮುಂದೆ ಕಂಬಳಿ ಮೇಲೆ. ಮೃದಂಗದವರು ಬೆರಳು ಚಟಚಟ ಅನಿಸಿಕೊಂಡರು. ಮೊದಲು ದೇವರಿಗೆ ಹೂವು ಹಾಕುವ ಕುಣಿತ. ಜನ ಕೈಮುಗಿದರು. ಆಮೇಲೆ ಜಿಂಕೆ ನೀರು ಕುಡಿಯುವುದು. ಅದನ್ನು ನೋಡಿ ನಮ್ಮ ಬೀದಿಯ ತಿಮ್ಮಕ್ಕ, "ಅಯ್ಯೋ, ಎದ್ರುಕೊಂಡೈತೆ ಕೂಸು, ಯಾರೂ ಕೆಮ್ಮಬ್ಯಾಡ್ರಿ" ಅಂದಳು. ನನಗೆ ಧೈರ್ಯ ಬಂತು.

ಮೂರನೆಯದು ಮಳೆಗಾಲದ ಪದ. ಮೊದಲು ಬಿಸಿಲು. ಹುಡುಗಿ ಬೆವರು ಒರೆಸಿಕೊಂಡಳು, ಒಣಗಿದ ಬಾವಿಯಲ್ಲಿ ಹಗ್ಗ ಬಿಟ್ಟು ನೋಡಿದಳು. ಆಮೇಲೆ ಮೋಡ ಬರಬೇಕು. ಮೋಡ ನೋಡುವುದನ್ನು ಮೇಷ್ಟ್ರು ಹೇಗೆ ಹೇಳಿಕೊಟ್ಟಿದ್ದರೋ ಏನೋ, ಎರಡು ಕೈ ಮೇಲೆತ್ತಿ ಬೆರಳು ಅಲುಗಿಸುವುದಂತೆ. ಸರೋಜ ಅದನ್ನು ಮಾಡಲಿಲ್ಲ. ಅವಳಿಗೆ ಮಳೆ ಬರುವುದನ್ನು ನೋಡುವುದು ಅಂದರೆ ಒಂದೇ ರೀತಿ ಗೊತ್ತು. ಕಣದ ನಡುವೆ ನಿಂತಳು. ಎಡಗೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದಳು. ಒಂದು ಕಣ್ಣು ಮುಚ್ಚಿದಳು. ಮೂಡಣಕ್ಕೆ ಮೂಗೆತ್ತಿ ಮೂಸಿದಳು.

ಜನರ ಬಾಯಲ್ಲಿದ್ದ ಕಡ್ಲೆಕಾಯಿ ಅಲ್ಲೇ ನಿಂತಿತು. ಮೃದಂಗದವರು ದೂರದಲ್ಲಿ ಗುಡುಗಿದ ಹಾಗೆ ಒಂದು ಸಲ ಉರುಳಿಸಿದರು. ಸರೋಜ ನಾಲಿಗೆ ಲೊಚಕ್ಕೆನಿಸಿ, ಹೆಗಲ ಮೇಲೆ ಇಲ್ಲದ ಟವೆಲನ್ನು ಎಳೆದು, ಸೊಂಟಕ್ಕೆ ಬಿಗಿಯಾಗಿ ಸುತ್ತಿ ಗಂಟು ಹಾಕಿದಳು.

ಮೊದಲು ಎದ್ದವರು ಯಾರು ಅನ್ನುವುದಕ್ಕೆ ನಮ್ಮೂರಲ್ಲಿ ಇನ್ನೂ ಜಗಳ ಇದೆ. ನಾನು ನೋಡಿದ ಮಟ್ಟಿಗೆ ಹೇಳುತ್ತೇನೆ: ನಮ್ಮ ಮಾವ. ಕಂಬಳಿ ಕಿತ್ತುಕೊಂಡು, "ಏಳ್ರಲೇ, ರಾಶಿ" ಅಂತ ಒಂದು ಕೂಗು ಹಾಕಿ ಓಡಿದರು. ಅವರ ಹಿಂದೆ ಊರು ಓಡಿತು. ಕಡ್ಲೆಕಾಯಿ ಮಂಕರಿ ಮಗುಚಿತು. ಒಬ್ಬ ಚಾಪೆ ಎಳೆದುಕೊಂಡು ಹೋದ, ಅದರ ಮೇಲೆ ಅವನ ಹೆಂಡತಿ ಇನ್ನೂ ಕೂತಿದ್ದಳು. ನಮ್ಮ ಯಜಮಾನರಿಗೆ ಮುಚ್ಚಲು ಏನೂ ಸಿಗದೆ ರಾಶಿಯ ಮೇಲೆ ತಾವೇ ಬೋರಲು ಮಲಗಿದರು. ಅವರು ಮಲಗಿದರೆ ಎಷ್ಟು ಜಾಗ ಮುಚ್ಚುತ್ತದೆ ಅನ್ನುವುದಕ್ಕೆ ಮೂರನೇ ಮುದ್ದೆಯ ವಿಷಯ ಆಗಲೇ ಹೇಳಿದ್ದೇನೆ. ನಾನು? ನಾನು ಕೈಗೆ ಸಿಕ್ಕಿದ ನೀಲಿ ಪರದೆಯನ್ನು ಗಳು ಸಮೇತ ಕಿತ್ತುಕೊಂಡು ಓಡಿದೆ. ಮಗಳು ಕುಣಿಯುತ್ತಿದ್ದಾಳೆ ಅನ್ನುವುದು ನನ್ನ ತಲೆಯಲ್ಲೇ ಇರಲಿಲ್ಲ. ರಾಗಿ ಇತ್ತು.

ಎಲ್ಲ ಮುಚ್ಚಿ, ಕಲ್ಲು ಹೇರಿ, ಏದುಸಿರು ಬಿಡುತ್ತಾ ನಿಂತೆವು. ಮಾವ ಅಂಗೈ ಚಾಚಿ ಮೊದಲ ಹನಿಗೆ ಕಾದರು. ಊರೆಲ್ಲ ಅಂಗೈ ಚಾಚಿತು. ಆಕಾಶ ಸಾರಿಸಿದ ಕಣದ ಹಾಗೆ ಚೊಕ್ಕಟವಾಗಿತ್ತು. ಮುಳುಗುವ ಸೂರ್ಯ ನಮ್ಮ ಕಡೆ ನೋಡುತ್ತಾ ನಿಧಾನವಾಗಿ ಕೆಳಗಿಳಿದ. ತಿಮ್ಮಕ್ಕ ಒಬ್ಬಳೇ, "ನನ್ ಕೆನ್ನೆ ಮ್ಯಾಲೆ ಒಂದ್ ಅನಿ ಬಿತ್ತು" ಅಂದಳು. ಅವಳು ಇವತ್ತಿಗೂ ಆ ಮಾತು ಬಿಟ್ಟಿಲ್ಲ.

ಆಗ ಕೇಳಿಸಿತು, ಗೆಜ್ಜೆ. ಹಿಂತಿರುಗಿ ಬಂದರೆ ಖಾಲಿ ಕಣದ ಮುಂದೆ ಮೇಷ್ಟ್ರು ತಾಳ ಹಾಕುತ್ತಿದ್ದಾರೆ, ಮೃದಂಗದವರು ನುಡಿಸುತ್ತಿದ್ದಾರೆ, ಸ್ವಂತ ರಾಗಿ ಇಲ್ಲದ ಸ್ಟೇಷನ್ ಮಾಸ್ತರರ ಸಂಸಾರ ಕುರ್ಚಿಯಲ್ಲೇ ಇದೆ. ಸರೋಜ ನವಿಲಾಗಿ ಗರಿ ಬಿಚ್ಚಿ ಕುಣಿಯುತ್ತಿದ್ದಾಳೆ, ಕಣ್ಣಿನಿಂದ ನೀರು ಸುರಿಯುತ್ತಿದೆ. ಪದದಲ್ಲಿ ಮಳೆ ಬಂದ ಮೇಲೆ ನವಿಲು ಬರಬೇಕು, ಬಂದಿತ್ತು. ಜನ ಎದ್ದುಹೋದರು ಅಂತ ನವಿಲನ್ನು ಬಿಡುವ ಹಾಗಿಲ್ಲ ಅಂತ ಆ ಹುಡುಗಿ ತೀರ್ಮಾನ ಮಾಡಿಕೊಂಡಿದ್ದಳು. ಕುಣಿತ ಮುಗಿಸಿ, ಕೈ ಮುಗಿದು, ತಾತನ ಮುಂದೆ ಬಂದು ನಿಂತಳು. ಕೂತು ಗೆಜ್ಜೆಯ ಗಂಟು ಬಿಚ್ಚತೊಡಗಿದಳು.

ಎದುರು ಬೀದಿಯ ಚೆನ್ನಪ್ಪನಿಗೆ ನಮ್ಮ ಮಾವನನ್ನು ಕೆಣಕಲು ಇಂಥ ಸಮಯ ಮತ್ತೆ ಸಿಗುತ್ತದೆಯೇ? "ಏನ್ ಗೌಡ್ರೇ, ಊರೇ ಎದ್ದೋಯ್ತಲ್ಲ. ಮಾತು ಅಂದ್ರೆ ಮಾತು."

"ಮಾತು ಅಂದ್ರೆ ಮಾತೇ" ಅಂದರು ಮಾವ. "ಕುಣಿತ ಬ್ಯಾಸರಾಗಿ ಎದ್ದೋದ್ರೆ ಅಂತ ನಾನಂದಿದ್ದು. ನಾವು ಎದ್ದಿದ್ದು ಮಳೆಗೆ."

"ಮಳೆ ಎಲ್ ಬಂತು?"

"ಬರೋದಿತ್ತು. ಚಿಕ್ಕಜಾಲದ್ ಕಡೆ ತಿರೀಕೊಂತು."

"ಮಳೆ ಬತ್ತದೆ ಅಂತ ಯೋಳಿದ್ಯಾರು? ಈ ಉಡ್ಗಿ ತಾನೆ? ಉಡ್ಗಿ ನಿಮ್ಮನ್ನ ಬೇಸ್ತು ಬೀಳ್ಸಿದ್ಲು ಅನ್ನಿ."

ಮಾವ ಮೀಸೆಯ ಮೇಲೆ ಕೈ ಇಟ್ಟರು. ಅವರ ಸಂಕಟ ನಿಮಗೆ ಅರ್ಥವಾಯಿತಲ್ಲ? ಹುಡುಗಿ ಮಾಡಿದ್ದು ಸುಳ್ಳು ಅಂದರೆ ತಮ್ಮ ನೋಟವೇ ಸುಳ್ಳು ಅಂದ ಹಾಗೆ. ಅವಳು ಮಾಡಿದ್ದು ಚೂರೂ ಬಿಡದೆ ಅವರದೇ. ಇಷ್ಟು ವರ್ಷದ ಮಳೆಯ ಮರ್ಯಾದೆ ಮೊಮ್ಮಗಳ ಸೊಂಟದಲ್ಲಿ ಗಂಟು ಬಿದ್ದು ಕೂತಿತ್ತು. ಕೊನೆಗೆ ಚೆನ್ನಪ್ಪನಿಗೆ ಹೇಳಿದರು: "ನೀನ್ಯಾಕ್ಲಾ ಓಡ್ದೆ ಮತ್ತೆ?"

"ಎಲ್ರೂ ಓಡಿದ್ರು, ಓಡ್ದೆ."

"ಎಲ್ರೂ ಓಡಿದ್ಮ್ಯಾಕೆ ಅದು ಮಳೇನೇ. ಮಳೆ ಬಂದ್ರೆ ಆಟ ನಿಲ್ತದೆ, ನಿಂತ ಮ್ಯಾಕೆ ಮತ್ತೆ ಸುರು ಆಯ್ತದೆ. ಕೂತ್ಕಳಿ ಎಲ್ಲ." ಆಮೇಲೆ ಸರೋಜಳ ಕಡೆ ತಿರುಗಿ, ಗೆಜ್ಜೆಯ ಮೇಲಿದ್ದ ಅವಳ ಕೈಯನ್ನು ಸರಿಸಿ, ತಾವೇ ಬಗ್ಗಿ ಗಂಟು ಬಿಗಿದು ಹೇಳಿದರು: "ಕುಣಿಯವ್ವ. ಏನಾರ ಕುಣಿ. ಮಳೆ ಒಂದ್ ಬ್ಯಾಡ. ಒಕ್ಕಣೆ ಮುಗಿಯೋಗಂಟ ಮಳೆ ಬ್ಯಾಡ."

ಅವಳು ಮತ್ತೆ ಕುಣಿದಳು. ತಾವರೆ ಅರಳಿತು, ದುಂಬಿ ಬಂತು, ಕೆರೆಯಲ್ಲಿ ಬೆಳ್ಳಕ್ಕಿ ಹೆಜ್ಜೆ ಹಾಕಿತು. ಪರದೆ ಇರಲಿಲ್ಲ, ಅದು ರಾಗಿಯ ಮೇಲಿತ್ತು. ಒಬ್ಬರೂ ಅಲ್ಲಾಡಲಿಲ್ಲ. ಅವಳು ಕೈಯನ್ನು ಹಣೆಯ ಹತ್ತಿರ ತಂದಾಗಲೆಲ್ಲ ಊರಿನ ಅರ್ಧ ಜನ ಏಳಲು ನೋಡುವರು, ಮಾವ ಹಿಂತಿರುಗಿ ಕಣ್ಣು ಬಿಟ್ಟರೆ ಕೂರುವರು. ಬೆಳ್ಳಕ್ಕಿ ನೋಡುವಾಗ ಮಾವ ಮೇಷ್ಟ್ರ ಕಡೆ ವಾಲಿ, "ಇಂದಿನ್ ಕಾಲು ಸರಿಯಾಗಿ ಊರ್ತಾ ಇಲ್ಲ ನೋಡಿ" ಅಂದರು. "ಹಕ್ಕಿಗೆ ಎರಡೇ ಕಾಲು ಗೌಡ್ರೇ" ಅಂದರು ಮೇಷ್ಟ್ರು. ಆ ವಾದ ಎಷ್ಟೋ ವರ್ಷ ನಡೆಯಿತು. ಮೇಷ್ಟ್ರು ಬಂದಾಗಲೆಲ್ಲ ಇಬ್ಬರೂ ಕೆರೆ ಏರಿಯ ಮೇಲೆ ಕೂತು ಹಕ್ಕಿಗಳ ನಡಿಗೆಯ ಬಗ್ಗೆ ಜಗಳವಾಡುವರು, ಹಕ್ಕಿಗಳು ಹೆದರಿ ಹಾರಿಹೋಗುವವರೆಗೆ.

ಸರೋಜ ಕಲಿತಳು. ಮುಂಗಾರು ತಡವಾದ ವರ್ಷ ಊರಿನವರು ಬಂದು, "ಆ ಪದ ಒಂದ್ಸಲ ಕುಣ್ಸಿ ಗೌಡ್ರೇ" ಅನ್ನುವುದೂ ಶುರುವಾಯಿತು. ಒಂದು ಸಲ ಕುಣಿದಳು. ಮಳೆ ಬಂತು, ಹೆಬ್ಬಾಳದಲ್ಲಿ. "ಉಡ್ಗಿ ಮುಖ ಆ ಕಡೆ ಮಾಡಿ ನಿಂತಿದ್ಲು, ಅದ್ಕೇ" ಅಂತ ಮಾವ ಸಮಜಾಯಿಷಿ ಕೊಟ್ಟರು. ಆಮೇಲೆ ಅವಳನ್ನು ಆ ಹೆಬ್ಬಾಳಕ್ಕೇ ಮದುವೆ ಮಾಡಿಕೊಟ್ಟೆವು. ಅಲ್ಲಿ ಹಸು, ಹೊಲ, ಎರಡು ಮಕ್ಕಳು. ಕುಣಿಯಬೇಡ ಅಂತ ಯಾರೂ ಅನ್ನಲಿಲ್ಲ. ಕುಣಿ ಅಂತಲೂ ಯಾರೂ ಅನ್ನಲಿಲ್ಲ. ಹೀಗೆಯೇ ಬಹಳಷ್ಟು ನಿಂತುಹೋಗುತ್ತವೆ ನೋಡಿ, ಬಾಗಿಲು ಯಾರೂ ಹಾಕಿರುವುದಿಲ್ಲ, ಗಾಳಿಗೆ ತಾನಾಗಿ ಮುಚ್ಚಿಕೊಂಡಿರುತ್ತದೆ. ಚಂದ್ರಿಯನ್ನು ಅದೇ ಮೇಷ್ಟ್ರ ಹತ್ತಿರ ಪಾಠಕ್ಕೆ ಬಿಡಲು ಹೋದಾಗ ಸರೋಜ ಕಿಟಕಿಯ ಹೊರಗೆ ನಿಲ್ಲುತ್ತಿದ್ದಳಂತೆ. ಮೇಷ್ಟ್ರು ಅದನ್ನು ನೋಡಿಯೇ ಇವತ್ತು ಎರಡು ಜೊತೆ ತಂದದ್ದು.

ಅವಳು ಕೊಸರಾಡಿದಳು. "ನಂಗೆ ಈಗ್ಯಾಕೆ ಮೇಷ್ಟ್ರೇ, ಜನ ನಗ್ತಾರೆ, ಮೊಣಕಾಲು ಬೇರೆ ನೋವು." ಮೇಷ್ಟ್ರು, "ಮೊಣಕಾಲು ಬಂದು ನನ್ನ ಹತ್ರ ಹೇಳಲಿ" ಅಂದರು. ಅಳಿಯ ಪಕ್ಕದಲ್ಲೇ ನಿಂತಿದ್ದವನು, "ಸಂಜೆ ಹಾಲು ನಾನೇ ಕರೀತೀನಿ, ನೀನು ಹೋಗ್ ಬಾ" ಅಂದ. ನಾನು ತಟ್ಟೆಯಲ್ಲಿದ್ದ ಎರಡನೇ ಜೊತೆಯನ್ನು ಎತ್ತಿ ಮೇಷ್ಟ್ರ ಕೈಗೆ ಕೊಟ್ಟೆ.

ಇಲ್ಲಿಯವರೆಗೆ ಬರೆಯುವಷ್ಟರಲ್ಲಿ ಊಟಕ್ಕೆ ಕರೆದರು. ಮಿಕ್ಕಿದ್ದನ್ನು ಊಟ ಮುಗಿಸಿ ಬಂದು ಬರೆಯುತ್ತಿದ್ದೇನೆ.

ನಡುಮನೆಯಲ್ಲಿ ಎರಡು ಸಾಲು ಎಲೆ ಹಾಕಿದ್ದರು. ಈ ಸಾಲಿನ ತುದಿಗೆ ಮಾವ, ಯಜಮಾನರು, ಮಗ, ಅಳಿಯ. ಎದುರು ಸಾಲಿಗೆ ಹೆಂಗಸರು ಮಕ್ಕಳು. ಅವರೆಕಾಳು ಸಾರು, ಮುದ್ದೆ, ಒಬ್ಬಟ್ಟು. ಸರೋಜ ಮತ್ತು ಚಂದ್ರಿ ಗೋಡೆ ಹಿಡಿದುಕೊಂಡು ಬಂದರು. ಬೆಳಗಿನಿಂದ ತಾಯಿ ಮಗಳು ಪೈಪೋಟಿಯ ಮೇಲೆ ಹೆಜ್ಜೆ ಹಾಕಿದ್ದರ ಫಲ, ಇಬ್ಬರಿಗೂ ಕಾಲು ಮಡಚಲು ಆಗುತ್ತಿಲ್ಲ. ಚಕ್ಕಳಮಕ್ಕಳ ಕೂರಲು ನೋಡಿದರು, ಅಯ್ಯಪ್ಪ ಅಂದರು, ಕೊನೆಗೆ ನಾಲ್ಕು ಕಾಲೂ ನೇರವಾಗಿ ಮುಂದಕ್ಕೆ ಹೋದವು, ಮಾವನ ಎಲೆಯ ಹತ್ತಿರದವರೆಗೆ. ಉಣ್ಣುವ ಎಲೆಯ ಮುಂದೆ ಕಾಲು ಚಾಚುವುದು ನಮ್ಮ ಮನೆಯಲ್ಲಿ ಸಣ್ಣ ತಪ್ಪಲ್ಲ. ನಮ್ಮ ಮಗನನ್ನು ಚಿಕ್ಕಂದಿನಲ್ಲಿ ಅದಕ್ಕಾಗಿ ಎಬ್ಬಿಸಿ ಕಳಿಸಿದ್ದುಂಟು. ಎಲ್ಲರ ಕೈಯೂ ತುತ್ತಿನಲ್ಲೇ ನಿಂತಿತು. ಸರೋಜ ಗಾಬರಿಯಿಂದ ಕಾಲು ಎಳೆದುಕೊಳ್ಳಲು ನೋಡಿದಳು.

ಮಾವ ಆ ಕಾಲುಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಮ್ಮ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಸಾರು ಚೆಲ್ಲದ ಹಾಗೆ ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡು ಜಾಗ ಬಿಟ್ಟರು. "ಚಾಚ್ಕಳಿ" ಅಂದರು. "ನಾಳೀಕೆ ಮತ್ತೆ ಬೇಕಲ್ಲ ಆ ಕಾಲು."

ಅಷ್ಟು ಹೇಳಿ ತಮ್ಮ ಕಾಲನ್ನೂ ಚಾಚಿದರು. ಅದನ್ನೇ ಕಾಯುತ್ತಿದ್ದವರ ಹಾಗೆ ನಮ್ಮ ಯಜಮಾನರು ಚಾಚಿದರು. ಮಗ ಚಾಚಿದ. ಅಳಿಯ ಸಂಕೋಚದಿಂದ ಒಂದು ಕಾಲು ಮಾತ್ರ ಚಾಚಿದ. ನಡುಮನೆಯ ತುಂಬ ಕಾಲು, ನಾನು ಸಾರಿನ ಪಾತ್ರೆ ಹಿಡಿದು ಬಡಿಸಲು ಹೋಗುವುದು ಎಲ್ಲಿಂದ? ಸೀರೆ ಎತ್ತಿಕೊಂಡು, ಇಲ್ಲೊಂದು ಅಲ್ಲೊಂದು ಸಂದು ಹುಡುಕಿ, ತುದಿಗಾಲಿನಲ್ಲಿ ಹೆಜ್ಜೆ ಇಟ್ಟೆ.

"ತಾತ, ನೋಡು, ಅಜ್ಜೀನೂ ಕಲ್ತವ್ರೆ" ಅಂದಳು ಚಂದ್ರಿ.

ಬಡಿಸುವುದು ಸಾಕು, ಪಾತ್ರೆ ನಡುವೆ ಇಟ್ಟುಬಿಡು, ಬೇಕಾದವರು ಬಡಿಸಿಕೊಳ್ಳುತ್ತಾರೆ ಅಂದರು ಎಲ್ಲರೂ. ಸೊಸೆಯನ್ನೂ ಒಲೆಯ ಮುಂದಿನಿಂದ ಎಬ್ಬಿಸಿ ಕರೆತಂದೆ. ಮಗಳ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತು, ಕಾಲು ಚಾಚಿ, ಬಿಸಿ ಮುದ್ದೆ ಮುರಿದೆ.